ಎಣಿಕೆಯೂ ಬೆಲೆಯೂ

ಒಬ್ಬ ವೈದ್ಯವಿಜ್ಞಾನಿಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಆತನು ಪ್ರಕಟಿಸಿದ ಪ್ರಬಂಧಗಳೆಷ್ಟು, ಇತರ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಅವನ್ನು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂದು ಎಣಿಸುವುದು ಇಂದಿನ ರೂಢಿ. ನೇಮಕಕ್ಕೂ ಬಡ್ತಿಗೂ ಧನಸಹಾಯಕ್ಕೂ ಈ ಅಂಕಿಗಳನ್ನೇ ಕೇಳುವುದುಂಟು. ಅಂಕಿಯು ಪಕ್ಷಪಾತವನ್ನರಿಯದೆಂಬ ನಂಬಿಕೆ ಇದರ ಹಿಂದಿದೆ. ಕಲ್ಕತ್ತೆಯ ಶಂಭುನಾಥ ದೇ ಅವರ ಬಾಳನ್ನು ಬಲ್ಲವರು ಈ ನಂಬಿಕೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಕಾಲರಾ ಊರೂರುಗಳನ್ನೇ ಬರಿದುಮಾಡುತ್ತಿದ್ದ ರೋಗ. ಅಕ್ಕಿ ತೊಳೆದ ನೀರಿನಂಥ ಭೇದಿಯಾಗಿ, ದೇಹದ ನೀರೆಲ್ಲ ಬಸಿದುಹೋಗಿ, ರೋಗಿಯು ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದನು. ಜರ್ಮನಿಯ ರಾಬರ್ಟ್ ಕಾಕ್ ಅವರು 1884ರಲ್ಲಿ ಕಲ್ಕತ್ತೆಯಲ್ಲಿದ್ದಾಗ ಈ ರೋಗದ ಅಣುಜೀವಿಯನ್ನು ಖಚಿತವಾಗಿ ಗುರುತಿಸಿದರು. ಅದು ವಿಷವೊಂದನ್ನು ಸ್ರವಿಸುತ್ತಿರಬೇಕೆಂದೂ ಊಹಿಸಿದರು. ಆದರೆ ಆ ವಿಷವನ್ನು ತೋರಿಸಿಕೊಡಲು ಅನಂತರದ ಎಪ್ಪತ್ತು ವರ್ಷಗಳಲ್ಲಿ ಯಾರಿಂದಲೂ ಆಗಲಿಲ್ಲ. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಮನುಷ್ಯನ ಕಾಲರಾ ಕಾಣಿಸಿಕೊಳ್ಳುತ್ತಿರಲಿಲ್ಲವೆಂಬುದೇ ದೊಡ್ಡ ತೊಡಕಾಗಿತ್ತು.

ಹೂಗ್ಲಿ ಜಿಲ್ಲೆಯಲ್ಲಿ 1915ರಲ್ಲಿ ಹುಟ್ಟಿದ ದೇ ಅವರು ಈ ತೊಡಕನ್ನು ಬಹು ಸರಳವಾಗಿ ಬಿಡಿಸಿದರು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡು ಕಡೆ ದಾರದಿಂದ ಬಿಗಿದು, ನಡುವಣ ಭಾಗಕ್ಕೆ ರೋಗಾಣುಗಳನ್ನು ಚುಚ್ಚಿ ಸೇರಿಸಿದರು. ಮರುದಿನ ಆ ಭಾಗವು ನೀರು ತುಂಬಿ ಉಬ್ಬಿಕೊಂಡಿತ್ತು. ಇದು ಪ್ರಕಟವಾದದ್ದು 1953ರಲ್ಲಿ. ಆಮೇಲೆ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ರೋಗಾಣುಗಳು ಬೆಳೆದ ದ್ರವವನ್ನು ಸೋಸಿ, ಒಂದು ಅಣುಜೀವಿಯೂ ಉಳಿಯದಂತೆ ಮಾಡಿ, ಆ ಸೋಸಿದ ದ್ರವವನ್ನು ಮಾತ್ರ ಕರುಳಿಗೆ ಸೇರಿಸಿ ನೋಡಿದರು. ಆಗಲೂ ಕರುಳು ಉಬ್ಬಿತು. ವಿಷವಿರುವುದು ದಿಟವೆಂದೂ ಅದು ಕರುಳಿನ ಮೇಲೆಯೇ ಕೆಲಸಮಾಡುವುದೆಂದೂ ಇದರಿಂದ ಸಿದ್ಧವಾಯಿತು. 1959ರ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪ್ರಬಂಧ ಎರಡು ಪುಟಗಳನ್ನು ಮೀರದು. ಬರೆದವರು ದೇ ಒಬ್ಬರೇ.

ಮೊದಲ ಕೆಲವು ವರ್ಷ ಆ ಪ್ರಬಂಧಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. ಆಗ ಯಾವುದಾದರೂ ಸಮಿತಿಯು ಉಲ್ಲೇಖಗಳನ್ನು ಎಣಿಸಿ ದೇ ಅವರ ಬೆಲೆ ಕಟ್ಟಿದ್ದರೆ ಅವರು ಎಲ್ಲಿ ನಿಲ್ಲುತ್ತಿದ್ದರು? ಇನ್ನು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆಯನ್ನು ನೋಡಬಹುದು. ಹತ್ತು ಪ್ರಬಂಧಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ವಿಜ್ಞಾನಿಯ ಸೂಚ್ಯಂಕ ಹತ್ತು. ಒಂದೇ ಪ್ರಬಂಧವು ಸಾವಿರ ಬಾರಿ ಉಲ್ಲೇಖಗೊಂಡು, ಉಳಿದವನ್ನು ಯಾರೂ ಕೇಳದಿದ್ದರೆ ಸೂಚ್ಯಂಕ ಕೇವಲ ಒಂದು! ಇಂಥ ತಕ್ಕಡಿಯಲ್ಲಿ ಎರಡು ಪುಟಗಳ ಮಹತ್ವದ ಬರಹಕ್ಕಿಂತ ಹತ್ತು ಸಾಧಾರಣ ಬರಹಗಳೇ ಹೆಚ್ಚು ತೂಗುತ್ತವೆ. ತರುಣ ಸಂಶೋಧಕರು ಒಂದು ಫಲಿತಾಂಶವನ್ನು ನಾಲ್ಕಾಗಿ ಸೀಳಿ ನಾಲ್ಕು ಪ್ರಬಂಧ ಬರೆಯಲು ಕಲಿತರೆ ಆ ತಪ್ಪು ಅವರದು ಮಾತ್ರವೇ?

ಹಾಗೆಂದು ಎಣಿಕೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ನ್ಯಾಯವಲ್ಲ. ದೇ ಅವರ ಕೆಲಸವನ್ನು ಮತ್ತೆ ಬೆಳಕಿಗೆ ಹಿಡಿದವರಲ್ಲಿ ಒಬ್ಬರು, ಉಲ್ಲೇಖಗಳ ಎಣಿಕೆಯನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಕಾಲರಾ ಸಂಶೋಧನೆಯ ಉಲ್ಲೇಖಗಳ ಜಾಡನ್ನು ಹಿಡಿದು ನೋಡಿದ ಅವರು 1986ರಲ್ಲಿ ಆ ಪ್ರಬಂಧದ ಹಿರಿಮೆಯನ್ನು ವಿವರಿಸಿ ಬರೆದರು. ಎಣಿಕೆ ಸುಳ್ಳಾಡಲಿಲ್ಲ, ತಡವಾಗಿ ನುಡಿಯಿತು. ಓದಿ ತಿಳಿದವರು ಅದಕ್ಕೂ ಮೊದಲೇ ಗುರುತಿಸಿದ್ದರು. ನೊಬೆಲ್ ಪ್ರಶಸ್ತಿ ಪಡೆದ ಜೋಶುವಾ ಲೆಡರ್‌ಬರ್ಗ್ ಅವರು ದೇ ಅವರ ಹೆಸರನ್ನು ಅದೇ ಪ್ರಶಸ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. 1978ರ ನೊಬೆಲ್ ವಿಚಾರಗೋಷ್ಠಿಗೆ ದೇ ಅವರಿಗೆ ಕರೆ ಬಂದಿತ್ತು.

ತಾಯ್ನಾಡಿನಲ್ಲಿ ಮಾತ್ರ ಅವರಿಗೆ ದೊಡ್ಡ ಪ್ರಶಸ್ತಿಯಾವುದೂ ದೊರೆಯಲಿಲ್ಲ. ಇಲ್ಲಿನ ವಿಜ್ಞಾನ ಅಕಾಡೆಮಿಗಳು ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯು ಅವರ ಸಂಶೋಧನೆಗೆಂದೇ ವಿಶೇಷ ಸಂಚಿಕೆಯೊಂದನ್ನು ತಂದದ್ದು 1990ರಲ್ಲಿ.