ಮ್ಯೂಟ್ ಮಾಡಿದರೆ ಮುಗಿಯಿತೇ?

ಆನ್‌ಲೈನ್ ಆಟದಲ್ಲಿ ಯಾರೋ ಕೆಟ್ಟದಾಗಿ ಬೈದರು ಎಂದು ಹೇಳಿಕೊಂಡರೆ ನಮಗೆ ಸಿಗುವ ಉತ್ತರ ಎರಡೇ. ಗೆಳೆಯರು "ಮ್ಯೂಟ್ ಮಾಡು ಮಾರಾಯ" ಅನ್ನುತ್ತಾರೆ. ಮನೆಯವರು "ಆ ಆಟವನ್ನೇ ತೆಗೆದುಹಾಕು" ಅನ್ನುತ್ತಾರೆ. ಎರಡರಲ್ಲೂ ಬೈದವನಿಗೆ ಏನೂ ಆಗುವುದಿಲ್ಲ, ಅವನು ಮುಂದಿನ ಮ್ಯಾಚ್‌ಗೆ ಹೋಗಿ ಇನ್ನೊಬ್ಬರಿಗೆ ಬೈಯುತ್ತಾನೆ. ಬೈಸಿಕೊಂಡವರು ಮಾತ್ರ ಏನನ್ನಾದರೂ ಬಿಡಬೇಕು: ಒಂದೋ ಮಾತು, ಇಲ್ಲವೇ ಆಟ. ಇದು ನ್ಯಾಯವಲ್ಲ ಎನ್ನುವುದು ನನ್ನ ವಾದ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. 'ನೂಬ್', 'ಬಾಟ್' ಎಂದು ಕರೆಯುವುದನ್ನೆಲ್ಲ ನಾನು ಕಿರುಕುಳ ಎನ್ನುತ್ತಿಲ್ಲ. ಕ್ರಿಕೆಟ್ ಮೈದಾನದಲ್ಲಿ ಕ್ಯಾಚ್ ಬಿಟ್ಟವನನ್ನು ಯಾರೂ ಮುದ್ದು ಮಾಡುವುದಿಲ್ಲ. ಸೋತ ಸಿಟ್ಟಿನಲ್ಲಿ ಬಂದ ಮಾತು ಲಾಬಿಗೆ ಮರಳುವಷ್ಟರಲ್ಲಿ ಮರೆತುಹೋಗುತ್ತದೆ. ಆದರೆ ಆಟಕ್ಕೂ ಮಾತಿಗೂ ಸಂಬಂಧವೇ ಇಲ್ಲದಿರುವಾಗ ಅದು ಬೇರೆಯೇ ಸಂಗತಿ. ಐಡಿಯಲ್ಲಿ ಮುಸ್ಲಿಂ ಹೆಸರು ಕಂಡ ಕೂಡಲೇ 'ಟೆರರಿಸ್ಟ್' ಎನ್ನುವುದು, 'ಪಾಕಿಸ್ತಾನಕ್ಕೆ ಹೋಗು' ಎನ್ನುವುದು ನಮ್ಮಲ್ಲಿ ಆಡುವವರಿಗೆ ಹೊಸತಲ್ಲ. ನಮ್ಮ ಎಷ್ಟೋ ಹುಡುಗರ ಐಡಿಗಳಲ್ಲಿ ಈಗ ಹೆಸರೇ ಇಲ್ಲ, ಬರೀ ಚಿಹ್ನೆ, ಅಂಕಿ, ಡ್ರ್ಯಾಗನ್. ಸ್ಟೈಲ್‌ಗೆ ಎನ್ನುತ್ತಾರೆ. ಕೆಲವರಿಗೆ ಅದು ಸ್ಟೈಲೇ ಇರಬಹುದು, ಎಲ್ಲರಿಗೂ ಅಲ್ಲ.

ಹುಡುಗಿಯರ ಪಾಡು ಇದಕ್ಕಿಂತ ಕಷ್ಟ. ಮೈಕ್ ಆನ್ ಮಾಡಿ "ಬಲಗಡೆ ಎನಿಮಿ ಇದ್ದಾನೆ" ಎಂದರೆ ಸಾಕು, "ಲಡ್ಕಿ ಹೈ ಕ್ಯಾ?" ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ಊರು ಯಾವುದು, ಇನ್‌ಸ್ಟಾ ಐಡಿ ಏನು. ಕೊಡದಿದ್ದರೆ ಹೊಲಸು ಮಾತು, ಇಲ್ಲವೇ ಅವಳು ಬಿದ್ದಾಗ ರಿವೈವ್ ಮಾಡದೆ ಪಕ್ಕದಲ್ಲಿ ನಿಂತು ನಗುವುದು. ನಮ್ಮ ಕಾಲೇಜಿನಲ್ಲಿ ಚೆನ್ನಾಗಿ ಆಡುವ ಹುಡುಗಿಯರಿದ್ದಾರೆ. ಅವರೆಲ್ಲ ಮೈಕ್ ಬಂದ್ ಮಾಡಿಯೇ ಆಡುತ್ತಾರೆ. ನಾಲ್ವರ ಸ್ಕ್ವಾಡ್‌ನಲ್ಲಿ ಒಬ್ಬಳು ಮೂಕಿಯಾಗಿ ಆಡಿದರೆ ತಂಡಕ್ಕೇ ನಷ್ಟ ಎಂದು ಬೈಯುವವನಿಗೆ ಹೊಳೆಯುವುದೇ ಇಲ್ಲ.

ಹೀಗೆ ಬೈಯುವವರು ಯಾರು? ಈ ಬಗ್ಗೆ ಒಂದು ಸ್ವಾರಸ್ಯಕರ ಅಧ್ಯಯನ 2015ರಲ್ಲಿ ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹ್ಯಾಲೋ 3 ಎಂಬ ಶೂಟಿಂಗ್ ಆಟದಲ್ಲಿ ಸಂಶೋಧಕರು ಕೆಲವು ಸಲ ಹೆಣ್ಣಿನ ಧ್ವನಿ, ಕೆಲವು ಸಲ ಗಂಡಿನ ಧ್ವನಿ ಕೇಳಿಸಿ ಇತರ ಆಟಗಾರರ ಪ್ರತಿಕ್ರಿಯೆಯನ್ನು ದಾಖಲಿಸಿದರು. ಹೆಣ್ಣಿನ ಧ್ವನಿ ಕೇಳಿದಾಗ ಹೆಚ್ಚು ಕೆಟ್ಟದಾಗಿ ನಡೆದುಕೊಂಡವರು ಆಟದಲ್ಲಿ ಹಿಂದುಳಿದ ಗಂಡಸರು. ಚೆನ್ನಾಗಿ ಆಡುವವರ ಮಾತು ಅಷ್ಟು ಕಹಿಯಾಗಿರಲಿಲ್ಲ. ಮುಂದಿನ ಸಲ ಮೈಕ್‌ನಲ್ಲಿ ಯಾರಾದರೂ ಗಂಡಸುತನ ಮೆರೆದರೆ ಅವನ ಕಿಲ್ ಎಷ್ಟು ಎಂದು ಒಮ್ಮೆ ನೋಡಿ.

ಲೀಗ್ ಆಫ್ ಲೆಜೆಂಡ್ಸ್ ಆಟವನ್ನು ನಡೆಸುವ ರಯಟ್ ಕಂಪನಿ ಇನ್ನೊಂದು ಪ್ರಯೋಗ ಮಾಡಿತ್ತು. ಎದುರಾಳಿ ತಂಡದೊಂದಿಗೆ ಚಾಟ್ ಮಾಡುವ ಸೌಲಭ್ಯವನ್ನು ಅವರು ತೆಗೆಯಲಿಲ್ಲ, ಮೊದಲಿಗೆ ಬಂದ್ ಆಗಿರುವಂತೆ ಇಟ್ಟರು ಅಷ್ಟೇ. ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬಹುದಿತ್ತು. ಅಷ್ಟಕ್ಕೇ ಕೆಟ್ಟ ಮಾತು ಶೇಕಡಾ 30ಕ್ಕಿಂತ ಹೆಚ್ಚು ಇಳಿಯಿತು, ಚಾಟ್ ಮಾಡುವುದನ್ನು ಜನ ನಿಲ್ಲಿಸಲೂ ಇಲ್ಲ. ಅವರ ಲೆಕ್ಕದಲ್ಲಿ ಇನ್ನೊಂದು ಅಂಶವೂ ಹೊರಬಿತ್ತು: ಸದಾ ಬೈಯುವ ಕಿಡಿಗೇಡಿಗಳಿಂದ ಬರುವ ಬೈಗುಳ ಒಟ್ಟಿನಲ್ಲಿ ಸಣ್ಣ ಪಾಲು. ಉಳಿದದ್ದೆಲ್ಲ ಸಾಮಾನ್ಯ ಆಟಗಾರರದ್ದು, ಅಂದರೆ ನಮ್ಮ ನಿಮ್ಮಂಥವರದ್ದು.

ಈ ಮಾತು ನಮಗೆ ತಾಗಬೇಕು. ಬೇರೆಯವರು ನಮ್ಮನ್ನು 'ಟೆರರಿಸ್ಟ್' ಎಂದಾಗ ಕುದಿಯುವ ನಮ್ಮ ಹುಡುಗರೇ, ಮಗ್ರಿಬ್ ನಮಾಝ್ ಮುಗಿಸಿ ಬಂದು ಫೋನ್ ಹಿಡಿದ ಐದು ನಿಮಿಷಕ್ಕೆ ಇನ್ನೊಬ್ಬರ ತಾಯಿ, ತಂಗಿಯನ್ನು ಎಳೆದು ತರುತ್ತಾರೆ. ಬ್ಯಾರಿಯಲ್ಲಿ ಬೈದರೆ ಎದುರಿನವನಿಗೆ ತಿಳಿಯುವುದಿಲ್ಲವಲ್ಲ ಎಂಬ ಧೈರ್ಯ ಬೇರೆ. ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವವರೂ ನಮ್ಮಲ್ಲಿದ್ದಾರೆ. ಸೂರಃ ಹುಜುರಾತ್‌ನ 11ನೇ ಸೂಕ್ತ ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರು ಇಟ್ಟು ಕರೆಯುವುದನ್ನೂ ತಡೆಯುತ್ತದೆ ಎಂದು ದೀನಿಯಾತ್ ಕ್ಲಾಸಿನಲ್ಲಿ ಎಲ್ಲರೂ ಕಲಿತಿದ್ದೇವೆ. ಐಡಿಯ ಹಿಂದೆ ಅಡಗಿದವನಿಗೆ ಅದರಿಂದ ರಿಯಾಯಿತಿ ಇದೆ ಎಂದು ಯಾರೂ ಕಲಿಸಿಲ್ಲ.

ಹಾಗಾದರೆ ಏನು ಮಾಡುವುದು? ತಿರುಗಿ ಬೈಯಬೇಡಿ. ಅದು ಸಜ್ಜನಿಕೆಯ ಮಾತಷ್ಟೇ ಅಲ್ಲ, ಲೆಕ್ಕಾಚಾರದ ಮಾತು: ನೀವೂ ಬೈದರೆ ಅವನೂ ರಿಪೋರ್ಟ್ ಮಾಡಬಹುದು, ಆಗ ಇಬ್ಬರೂ ಒಂದೇ. ಮೈಕ್ ಗುರುತು ಒತ್ತಿದರೆ 'ತಂಡಕ್ಕೆ ಮಾತ್ರ' ಎಂಬ ಆಯ್ಕೆ ಇರುತ್ತದೆ, ಗೊತ್ತಿಲ್ಲದವರ ಜೊತೆ ಆಡುವಾಗ ಅದರಲ್ಲೇ ಇರಿ. ಮ್ಯೂಟ್ ಮಾಡುವ ಮೊದಲು ಸ್ಕ್ರೀನ್ ರೆಕಾರ್ಡ್ ಒತ್ತಿ. ಚಾಟ್‌ನ ಸ್ಕ್ರೀನ್‌ಶಾಟ್‌ನಲ್ಲಿ ಅವನ ಹೆಸರಲ್ಲ, ಐಡಿ ಸಂಖ್ಯೆ ಬರಬೇಕು. ಹೆಸರನ್ನು ಅವನು ನಾಳೆ ಬದಲಾಯಿಸುತ್ತಾನೆ, ಸಂಖ್ಯೆಯನ್ನು ಬದಲಾಯಿಸಲಾಗದು. ಮ್ಯಾಚ್ ಮುಗಿದ ಮೇಲೆ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್.

ಆದರೆ ಇವೆಲ್ಲ ಬೈಸಿಕೊಂಡವರೇ ಮಾಡಬೇಕಾದ ಕೆಲಸ. ನಿಜವಾಗಿ ಮಾಡಬೇಕಾದವರು ಸ್ಕ್ವಾಡ್‌ನ ಉಳಿದಿಬ್ಬರು. ಒಬ್ಬ ಬೈಯುತ್ತಾನೆ, ಒಬ್ಬರು ಬೈಸಿಕೊಳ್ಳುತ್ತಾರೆ, ಇನ್ನಿಬ್ಬರು ಏನೂ ಕೇಳಿಸದವರಂತೆ ಮನೆಗಳಲ್ಲಿ ಲೂಟ್ ಹುಡುಕುತ್ತಿರುತ್ತಾರೆ. ಆ ಇಬ್ಬರಲ್ಲಿ ಒಬ್ಬ "ಬಸ್ ಕರ್ ಭಾಯಿ, ಆಟ ಆಡು" ಎಂದರೆ ಸಾಕು, ಮೈಕ್‌ನ ಗಾಳಿಯೇ ಬದಲಾಗುತ್ತದೆ. ಇದನ್ನು ನಾನು ನೋಡಿದ್ದೇನೆ. ಬೈಯುವವನಿಗೆ ಬೇಕಾದದ್ದು ಪ್ರೇಕ್ಷಕರು, ಅವರೇ ಕೈಕೊಟ್ಟರೆ ಅವನ ಆಟ ನಿಲ್ಲುತ್ತದೆ. ನಿಲ್ಲದಿದ್ದರೆ ಮೂರು ರಿಪೋರ್ಟ್ ಹೋಗುತ್ತವೆ.

ಮಾತು ಆಟದಿಂದ ಹೊರಗೆ ಬಂದರೆ ಮ್ಯೂಟ್ ಬಟನ್ ಯಾವ ಕೆಲಸಕ್ಕೂ ಬಾರದು. ಆಟದಲ್ಲಿ 'ಭಾಯಿ' ಆದವನು ಇನ್‌ಸ್ಟಾಗ್ರಾಂಗೆ ಬರುತ್ತಾನೆ, ಡಿಪಿ ತೆಗೆದು ಎಡಿಟ್ ಮಾಡಿ "ಮನೆಯವರಿಗೆ ಕಳಿಸಲಾ?" ಎಂದು ಕೇಳುತ್ತಾನೆ. ಇದು ಜಗಳವಲ್ಲ, ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹೆಣ್ಣುಮಕ್ಕಳನ್ನು ಆನ್‌ಲೈನ್‌ನಲ್ಲಿ ಹಿಂಬಾಲಿಸಿ ಕಾಡುವುದನ್ನೂ ಒಳಗೊಳ್ಳುತ್ತದೆ, ಬೆದರಿಕೆಗೆ 351ನೇ ಕಲಂ ಇದೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. 18 ತುಂಬದವರಿಗೆ 1098 ಮಕ್ಕಳ ಸಹಾಯವಾಣಿ ಇದೆ. ನಗ್ನ ಚಿತ್ರ ಹರಡುತ್ತೇನೆಂದು ಹೆದರಿಸಿದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ 18ರೊಳಗೆ ತೆಗೆದ ಚಿತ್ರಗಳಿಗಾಗಿಯೇ ಇದೆ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ.

ಇಷ್ಟೆಲ್ಲ ಇದ್ದರೂ ನಾವು ಯಾರಿಗೂ ಹೇಳುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು: ಹೇಳಿದ ಮರುಕ್ಷಣ ಫೋನ್ ಹೋಗುತ್ತದೆ. ಹುಡುಗಿಯಾದರೆ ಫೋನ್ ಮಾತ್ರವಲ್ಲ, ಕಾಲೇಜೇ ಹೋದೀತು ಎಂಬ ಭಯವೂ ಇದೆ. ಬಿಜಿಎಂಐನಂಥ ಆಟದಲ್ಲಿ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ. ಅದನ್ನು ತಪ್ಪಿಸಲು ವಯಸ್ಸು ಸುಳ್ಳು ಹೇಳಿದವರಿಗೆ ಆ ಗುಟ್ಟು ಹೊರಬೀಳುವ ಅಂಜಿಕೆ ಬೇರೆ. ಈ ಪುಟಗಳನ್ನು ಓದುವ ಅಬ್ಬ, ಉಮ್ಮ, ಅಣ್ಣಂದಿರಲ್ಲಿ ಒಂದು ವಿನಂತಿ. ಮಗಳು ಬಂದು "ಹೀಗಾಯಿತು" ಎಂದರೆ ಆ ದಿನ ಆಟದ ಒಳಿತು ಕೆಡುಕಿನ ಭಾಷಣ ಬೇಡ. ಸ್ಕ್ರೀನ್‌ಶಾಟ್ ನೋಡಿ, ದೂರು ಕೊಡಲು ಜೊತೆಗೆ ಕುಳಿತುಕೊಳ್ಳಿ. ಎಷ್ಟು ಹೊತ್ತು ಆಡಬೇಕೆಂಬ ಜಗಳವನ್ನು ಮುಂದಿನ ವಾರ ಮಾಡೋಣ. ಅದರಲ್ಲಿ ನಿಮ್ಮ ಪಕ್ಷದಲ್ಲೂ ಸಾಕಷ್ಟು ನ್ಯಾಯವಿದೆ.

ಕಾಲೇಜಿನ ಮಟ್ಟದಲ್ಲಿ ಒಂದು ಸಣ್ಣ ಕೆಲಸ ನಮ್ಮ ಕೈಯಲ್ಲೇ ಇದೆ. ಈ ಸಲದ ಫೆಸ್ಟ್‌ನಲ್ಲೂ ಮೊಬೈಲ್ ಗೇಮಿಂಗ್ ಸ್ಪರ್ಧೆ ಇಡುವ ಮಾತು ವಿದ್ಯಾರ್ಥಿ ಸಂಘದಲ್ಲಿ ನಡೆದಿದೆ. ಕಬಡ್ಡಿಯಲ್ಲಿ ಬೈದವನಿಗೆ ರೆಫರಿ ಕಾರ್ಡ್ ತೋರಿಸುತ್ತಾರೆ. ಇಲ್ಲಿಯೂ ಪ್ರತಿ ಸ್ಕ್ವಾಡ್‌ನ ಹಿಂದೆ ಒಬ್ಬ ವಾಲಂಟಿಯರ್ ಇರಲಿ. ಮೊದಲ ಹೊಲಸು ಮಾತಿಗೆ ಎಚ್ಚರಿಕೆ, ಎರಡನೆಯದಕ್ಕೆ ಇಡೀ ಸ್ಕ್ವಾಡ್‌ನ ಐದು ಪಾಯಿಂಟ್ ಕಡಿತ. ಇಡೀ ಸ್ಕ್ವಾಡ್‌ನದ್ದು ಎಂಬುದೇ ಮುಖ್ಯ, ಆಗ ಉಳಿದ ಮೂವರೂ ಅವನ ಬಾಯಿ ಕಾಯುತ್ತಾರೆ. ಹುಡುಗಿಯರ ಸ್ಕ್ವಾಡ್‌ಗಳಿಗೂ ನೋಂದಣಿ ತೆರೆದಿರಲಿ. ಮೈಕ್ ಆನ್ ಮಾಡಿ ಆಡುತ್ತೇವೆ ಎಂದು ದ್ವಿತೀಯ ಪಿಯುಸಿಯ ನಾಲ್ವರು ಈಗಾಗಲೇ ಹೇಳಿದ್ದಾರೆ. ನಿಯಮ ಬರೆದು ನೋಟಿಸ್ ಬೋರ್ಡ್‌ಗೆ ಹಾಕುವುದಷ್ಟೇ ಬಾಕಿ.