ಮೀನಿಗೆ 'ಡಿಪ್ರೆಶನ್' ಲೇಬಲ್ ಅಂಟಿಸಬೇಡಿ (ಭಾಗ 3) 🐟

"ಖಿನ್ನತೆಗೆ ಮದ್ದು ಸಿಕ್ತು, ಮೀನಿನಲ್ಲಿ!" ಅಂತ ರೀಲ್ಸ್ ಹಾಕೋರೇ, ಒಂದು ನಿಮಿಷ.

ಜೀಬ್ರಾಫಿಶ್ ಸಂಶೋಧನೆ ಬೇಡ ಅನ್ನೋದು ನನ್ನ ವಾದ ಅಲ್ಲ. ಮನುಷ್ಯರ ಸುಮಾರು 70% ಜೀನ್‌ಗಳಿಗೆ ಈ ಮೀನಿನಲ್ಲಿ ಜೋಡಿ ಇದೆ ಅಂತ 2013ರಲ್ಲೇ ಪ್ರಕಟವಾಗಿದೆ. ಮರಿಯ ಮೈ ಗಾಜಿನ ಹಾಗೆ. ಜೀವಂತ ಮಿದುಳಿನಲ್ಲಿ ನರಕೋಶ ಮಿನುಗೋದನ್ನೇ ಮೈಕ್ರೋಸ್ಕೋಪಲ್ಲಿ ನೋಡಬಹುದು. ಇಲಿಯಲ್ಲಿ ಇದು ಇಷ್ಟು ಸುಲಭವಲ್ಲ.

ಆದ್ರೆ ಮೀನಿನ 'ಆತಂಕ' ಅಳೆಯೋದು ಹೇಗೆ ಗೊತ್ತಾ? ಹೊಸ ತೊಟ್ಟಿಗೆ ಬಿಟ್ಟಾಗ ಎಷ್ಟು ಹೊತ್ತು ತಳದಲ್ಲೇ ಇರುತ್ತೆ ಅಂತ. ಆತಂಕದ ಔಷಧಿ ಕೊಟ್ರೆ ಬೇಗ ಮೇಲೆ ಬರುತ್ತೆ, ಅದಕ್ಕೇ ಈ ಪರೀಕ್ಷೆ ಉಪಯೋಗಕ್ಕೆ ಬರೋದು. ಆದ್ರೂ ಹಕ್ಕಿ ಬಾಯಿಗೆ ತುತ್ತಾಗೋ ಮೀನು ತಳ ಸೇರೋದು ಕಾಯಿಲೆ ಅಲ್ಲ, ಜಾಣತನ! "ನಾನು ಯಾವುದಕ್ಕೂ ಬಾರದವಳು" ಅನ್ನೋ ಯೋಚನೆಯನ್ನ ಅಳೆಯೋ ತೊಟ್ಟಿ ಎಲ್ಲಿದೆ?

ಮೀನು ಕೊಡೋದು ಒಂದು ಜೀನಿನ, ಒಂದು ನರಜಾಲದ ಸುಳಿವು. ಅಷ್ಟನ್ನೇ ಹೇಳಿ. ಸುಳಿವಿನಿಂದ ಮಾತ್ರೆವರೆಗೆ ದಾರಿ ದೂರ ಇದೆ. ನಿಮ್ಮ ರೀಲ್ ನಂಬಿ ಯಾರಾದ್ರೂ ಈಗಿನ ಮಾತ್ರೆ ನಿಲ್ಲಿಸಿದ್ರೆ, ಅದರ ಬೆಲೆ ತೆರೋದು ಮೀನೂ ಅಲ್ಲ, ನೀವೂ ಅಲ್ಲ.

ಒಪ್ಪಲ್ವಾ? ಕಮೆಂಟಲ್ಲಿ ಜಗಳಕ್ಕೆ ಬನ್ನಿ 👇
#ಜೀಬ್ರಾಫಿಶ್ #ಮನಸ್ಸಿನಆರೋಗ್ಯ #ಕನ್ನಡದಲ್ಲಿವಿಜ್ಞಾನ