ಬಿಡುವಿನ ಗಂಟೆಯ ಒಡೆಯ ಯಾರು?

ಮೋಟಾರು ಪಂದ್ಯವೆಂದರೆ ಸಿರಿವಂತರ ಆಟ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ದೊಡ್ಡ ಕಂಪನಿಗಳ ದುಡ್ಡಿನಲ್ಲಿ ನಡೆಯುವ ಪಂದ್ಯಗಳನ್ನು ಮಾತ್ರ ಕಂಡವರಿಗೆ ಹಾಗನ್ನಿಸಿದರೆ ತಪ್ಪಲ್ಲ. ಆದರೆ ಅಮೆರಿಕಾದ ಸಣ್ಣ ಊರುಗಳಲ್ಲಿ ಶನಿವಾರ ರಾತ್ರಿ ನಡೆಯುವ ಪಂದ್ಯಗಳ ಚಿತ್ರವೇ ಬೇರೆ. ಊರಾಚೆ ಮಣ್ಣಿನದೋ ಡಾಂಬರಿನದೋ ಒಂದು ದುಂಡನೆಯ ಹಾದಿ. ಒಂದು ಸುತ್ತಿಗೆ ಕಾಲು ಮೈಲಿಯೋ ಅರ್ಧ ಮೈಲಿಯೋ. ಅಲ್ಲಿ ಓಡುವ ಕಾರುಗಳಲ್ಲಿ ಬಹಳಷ್ಟು ಗುಜರಿಯಿಂದ ಎತ್ತಿ ತಂದು ಕಟ್ಟಿದವು. ಬಾಗಿಲ ಮೇಲೆ ಊರಿನ ಗ್ಯಾರೇಜು, ಟೈರಂಗಡಿ, ಹೋಟೆಲುಗಳ ಹೆಸರು ಬರೆದಿರುತ್ತದೆ. ಓಡಿಸುವವರು ಲಾರಿ ಚಾಲಕರು, ಬೆಸುಗೆಯವರು, ಮೆಕ್ಯಾನಿಕ್ಕುಗಳು. ಅವರ ನಡುವೆ ಬೆಂಕಿ ಆರಿಸುವ ದಳದ ನೌಕರರೂ ಇರುತ್ತಾರೆ.

ಇಂಥ ಒಬ್ಬ ನೌಕರನ ಪಂದ್ಯದ ಕಾರಿನ ಗೇರ್ ಬಾಕ್ಸು ಮುರಿಯಿತೆಂದು ಇಟ್ಟುಕೊಳ್ಳಿ. ಅವನ ಹಿಂದೆ ಕಂಪನಿಯ ತಂಡವಿಲ್ಲ, ಸಂಬಳದ ಮೆಕ್ಯಾನಿಕ್ ಇಲ್ಲ. ಬರುವ ಶನಿವಾರದೊಳಗೆ ಹಳೆಯದನ್ನು ಇಳಿಸಿ ಬೇರೆಯದನ್ನು ಏರಿಸಬೇಕು. ನಡುವೆ ದಳದ ಪಾಳಿಯನ್ನೂ ಮುಗಿಸಬೇಕು. ಮನೆಯ ಶೆಡ್ಡಿನಲ್ಲಿ ಈ ಕೆಲಸವನ್ನು ಅವನೇ ಮಾಡುತ್ತಾನೆ. ದೂರದ ದೇಶದ ಈ ಸಂಗತಿಯಿಂದ ಗಿರಣಿಯ ಕಾರ್ಮಿಕರಿಗೂ ಸಣ್ಣ ಅಂಗಡಿಯವರಿಗೂ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ದುಡಿಯುವವನಿಗೆ ಕೂಲಿ ಎಷ್ಟು ಎಂಬ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಯಾವಾಗಲೂ ನಿಂತಿರುತ್ತದೆ: ಅವನ ದಿನದಲ್ಲಿ ಅವನವೇ ಆದ ಗಂಟೆಗಳೆಷ್ಟು? ಈ ಎರಡನೆಯ ಪ್ರಶ್ನೆಗೆ ಆ ಶೆಡ್ಡಿನಲ್ಲಿ ಒಂದು ಉತ್ತರವಿದೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಪಂದ್ಯದಲ್ಲಿ ಗೇರ್ ಬಾಕ್ಸಿಗೆ ಬೀಳುವ ಪೆಟ್ಟು ರಸ್ತೆಯ ಕಾರಿಗೆ ಬೀಳುವಂಥದಲ್ಲ. ಎಂಜಿನ್ನಿನ ಪೂರ್ತಿ ಬಲ ಒಮ್ಮೆಗೇ ಹಲ್ಲುಗಳ ಮೇಲೆ ಬಂದು ಬೀಳುತ್ತದೆ. ಹಲ್ಲು ಸವೆಯುತ್ತದೆ, ಚಕ್ಕೆ ಏಳುತ್ತದೆ, ಕೊನೆಗೆ ಮುರಿಯುತ್ತದೆ. ಬದಲಿಸಬೇಕಾದರೆ ಕಾರನ್ನು ಜಾಕಿನಿಂದ ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬ್ಯಾಟರಿಯ ತಂತಿ ಬಿಡಿಸಬೇಕು, ಎಣ್ಣೆ ಇಳಿಸಬೇಕು. ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟನ್ನು ಕಳಚಬೇಕು. ಗೇರಿನ ಕಡ್ಡಿ, ಕ್ಲಚ್ಚಿನ ಜೋಡಣೆ ಎಲ್ಲವನ್ನೂ ಬಿಡಿಸಿ, ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಟ್ಟು, ಆಮೇಲೆ ಬೋಲ್ಟುಗಳನ್ನು ಸಡಿಲಿಸಿ ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು.

ಇಳಿಸುವುದಕ್ಕಿಂತ ಏರಿಸುವುದು ಕಷ್ಟ. ಗೇರ್ ಬಾಕ್ಸಿನ ಮುಂದಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ಹಾದು ತುದಿಯ ಬೇರಿಂಗಿನಲ್ಲಿ ಹೋಗಿ ಕೂರಬೇಕು. ಕೂದಲೆಳೆಯಷ್ಟು ಓರೆಯಾದರೂ ಅದು ಕೂರುವುದಿಲ್ಲ. ಕೂರದಿದ್ದುದನ್ನು ಬೋಲ್ಟು ಬಿಗಿದು ಎಳೆದು ಕೂರಿಸಹೋದರೆ ಪೆಟ್ಟಿಗೆಯ ಕಿವಿ ಒಡೆಯುತ್ತದೆ. ಪೆಟ್ಟಿಗೆಯ ಭಾರವನ್ನು ಆ ಶಾಫ್ಟಿನ ಮೇಲೆ ತೂಗುಬಿಟ್ಟರೆ ಕ್ಲಚ್ ಪ್ಲೇಟು ಬಾಗಿ ಹಾಳಾಗುತ್ತದೆ. ಇಲ್ಲಿ ತೋಳ್ಬಲ ನಡೆಯುವುದಿಲ್ಲ. ತಾಳ್ಮೆ ಬೇಕು, ಕಣ್ಣಳತೆ ಬೇಕು, ಕೈಗೆ ಬುದ್ಧಿ ಬೇಕು. ಮಗ್ಗದ ಮೇಲೆ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸಕ್ಕೆ ಅವನಿಗೆ ಹೊತ್ತು ಎಲ್ಲಿಂದ ಬಂತು? ಅಮೆರಿಕಾದ ಬಹಳಷ್ಟು ದಳಗಳಲ್ಲಿ ಪಾಳಿ 24 ಗಂಟೆಯದು. ಆಮೇಲೆ 48 ಗಂಟೆ ಬಿಡುವು. ಮೂರು ತಂಡಗಳು ಸರದಿಯಂತೆ ಬರುತ್ತವೆ. ಕೇಳುವುದಕ್ಕೆ ಇದು ಸುಖದ ಏರ್ಪಾಟು. ಲೆಕ್ಕ ಹಾಕಿದರೆ ವಾರಕ್ಕೆ ಸರಾಸರಿ 56 ಗಂಟೆ ದುಡಿಮೆಯಾಗುತ್ತದೆ. ಆ ದೇಶದ 1938ರ ಕೂಲಿ ಮತ್ತು ದುಡಿಮೆಯ ಗಂಟೆಗಳ ಕಾಯಿದೆ ಸಾಮಾನ್ಯ ಕಾರ್ಮಿಕನಿಗೆ ಗೊತ್ತುಮಾಡಿದ ವಾರ 40 ಗಂಟೆಯದು. ಅದನ್ನು ಮೀರಿದರೆ ಒಂದೂವರೆ ಪಟ್ಟು ಕೂಲಿ. ಬೆಂಕಿ ದಳದವನಿಗೆ ಕಾಯಿದೆಯಲ್ಲಿ ಬೇರೆಯೇ ಅಳತೆ: 28 ದಿನಗಳಲ್ಲಿ 212 ಗಂಟೆ ದಾಟಿದ ಮೇಲಷ್ಟೆ ಹೆಚ್ಚಿನ ಕೂಲಿ. ವಾರಕ್ಕೆ 53 ಗಂಟೆಯಾಯಿತು. ಅಂದರೆ ಮಿಕ್ಕವರಿಗಿಂತ 13 ಗಂಟೆ ಹೆಚ್ಚು ದುಡಿದ ಮೇಲೆ ಅವನ ಹೆಚ್ಚುವರಿ ಲೆಕ್ಕ ಶುರುವಾಗುತ್ತದೆ. ಆ 48 ಗಂಟೆ ಯಾರೋ ದಯೆಯಿಂದ ಕೊಟ್ಟದ್ದಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಇಷ್ಟಾದರೂ ದಕ್ಕಿದ್ದು ಹೋರಾಟದಿಂದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಅನೇಕ ನಗರಗಳ ದಳದವರು ಠಾಣೆಯಲ್ಲೇ ವಾಸವಿರುತ್ತಿದ್ದರು. ಊಟಕ್ಕೆ ಮನೆಗೆ ಹೋಗಿ ಬರಲು ಸ್ವಲ್ಪ ಹೊತ್ತು, ಹಲವು ದಿನಗಳಿಗೊಮ್ಮೆ ಒಂದು ರಜೆ. ಮಿಕ್ಕ ಹಗಲು ರಾತ್ರಿಯೆಲ್ಲ ದಳದ್ದು. ಹೆಂಡತಿ ಮಕ್ಕಳಿಗೆ ಅವನು ನೆಂಟನಂತೆ. ಎರಡು ತಂಡ ಮಾಡಿ ಸರದಿ ಹಾಕಿರಿ ಎಂಬುದು ಅವರ ಮೊದಲ ದೊಡ್ಡ ಬೇಡಿಕೆಗಳಲ್ಲಿ ಒಂದು. 1918ರಲ್ಲಿ ಅವರ ಅಂತರರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. 1938ರ ಕಾಯಿದೆ ಸರ್ಕಾರಿ ನೌಕರರನ್ನು ಹೊರಗಿಟ್ಟಿತ್ತು. 1974ರಲ್ಲಿ ಅವರನ್ನು ಒಳಗೆ ಸೇರಿಸಿದರೆ, 1976ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದು ರಾಜ್ಯಗಳಿಗೂ ನಗರಸಭೆಗಳಿಗೂ ಸಲ್ಲದೆಂದಿತು. 1985ರಲ್ಲಿ ಅದೇ ನ್ಯಾಯಾಲಯ ನಾಲ್ವರ ಎದುರು ಐವರ ಬಹುಮತದಿಂದ ತನ್ನ ಮಾತನ್ನು ತಾನೇ ತಿರುಗಿಸಿತು. ಒಬ್ಬ ನ್ಯಾಯಾಧೀಶರ ಮತದ ಮೇಲೆ ಅಷ್ಟೂ ಜನರ ಗಂಟೆಗಳ ಲೆಕ್ಕ ನಿಂತಿತ್ತು. ಪಡೆದ ಹಕ್ಕು ಪೆಟ್ಟಿಗೆಯಲ್ಲಿಟ್ಟ ಚಿನ್ನವಲ್ಲ, ಕಾಯುತ್ತಿರದಿದ್ದರೆ ಉಳಿಯುವುದಿಲ್ಲ.

ಅದೇ 1985ರ ತಿದ್ದುಪಡಿಯಲ್ಲಿ ಇನ್ನೊಂದು ಸಣ್ಣ ಮಾತು ಸೇರಿತು. ಮೇಲಿನವರ ಒಪ್ಪಿಗೆ ಪಡೆದು ನೌಕರರು ತಮ್ಮ ತಮ್ಮಲ್ಲೇ ಪಾಳಿ ಬದಲಿಸಿಕೊಳ್ಳಬಹುದು. ಹಾಗೆ ದುಡಿದ ಗಂಟೆಯಿಂದ ಹೆಚ್ಚುವರಿ ಕೂಲಿಯ ಲೆಕ್ಕ ಕೆಡುವುದಿಲ್ಲ. ಶನಿವಾರ ಪಂದ್ಯವಿದ್ದವನ ಬದಲು ಜೊತೆಗಾರ ನಿಲ್ಲುತ್ತಾನೆ. ಜೊತೆಗಾರನ ಮಗಳ ಮದುವೆಗೆ ಇವನು ನಿಲ್ಲುತ್ತಾನೆ. ಕೈಬದಲು ಸಾಲದಂತೆ ಇದು ಗಂಟೆಗಳ ಕೈಬದಲು. ನಂಬಿಕೆಯೇ ಇದರ ಬಂಡವಾಳ, ಬಡ್ಡಿಯಿಲ್ಲ. ಅಂಗಡಿ ಬೀದಿಯಲ್ಲಿ ಪಕ್ಕದವನ ಗಲ್ಲೆ ಕಾದುಕೊಟ್ಟ ಸಣ್ಣ ವ್ಯಾಪಾರಿಗೆ ಇದರ ಬೆಲೆ ತಿಳಿದಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. “ಕಾರು ಓಡಿಸುವಷ್ಟು ಬಿಡುವೂ ದುಡ್ಡೂ ಇರುವವನಿಗೆ ಸಂಘವೇಕೆ, ಬೇಡಿಕೆಯೇಕೆ? ದಳಕ್ಕೆ ಸಲ್ಲಬೇಕಾದ ಶಕ್ತಿಯನ್ನು ಶೆಡ್ಡಿನಲ್ಲಿ ಕಳೆಯುತ್ತಾನಲ್ಲ?” ಧಣಿಗಳು ಎಲ್ಲ ದೇಶಗಳಲ್ಲೂ ಆಡುವ ಮಾತು ಇದು. ಅವರ ಲೆಕ್ಕದಲ್ಲಿ ಕಾರ್ಮಿಕನ ಬಿಡುವು ಎಂದರೆ ಮರುದಿನದ ಗೇಯ್ಮೆಗೆ ಮೈಯನ್ನು ಸಜ್ಜುಮಾಡಿಕೊಳ್ಳುವ ಹೊತ್ತು. ಎತ್ತಿಗೆ ಹುಲ್ಲು ಹಾಕಿ ಕಟ್ಟಿದ ಹಾಗೆ.

ಅವರ ಲೆಕ್ಕದಲ್ಲೇ ಉತ್ತರ ಕೊಡಬಹುದು. ಬೆಂಕಿ ದಳದ ಪಂಪು ಲಾರಿಯನ್ನು ನೋಡಿರಿ. ಬಹಳಷ್ಟು ಲಾರಿಗಳಲ್ಲಿ ನೀರೆತ್ತುವ ಪಂಪಿಗೆ ಬೇರೆ ಎಂಜಿನ್ ಇರುವುದಿಲ್ಲ. ಸ್ಥಳಕ್ಕೆ ಬಂದೊಡನೆ ಚಾಲಕ ಬ್ರೇಕು ಹಾಕಿ, ಚಕ್ರಗಳಿಗೆ ಹೋಗುತ್ತಿದ್ದ ಬಲವನ್ನು ಪಂಪಿನ ಕಡೆಗೆ ತಿರುಗಿಸುತ್ತಾನೆ. ಅದು ಗೇರಿನ ಕೆಲಸವೇ. ಸರಿಯಾಗಿ ಕೂರದಿದ್ದರೆ ಎಂಜಿನ್ ಎಷ್ಟು ಗರ್ಜಿಸಿದರೂ ಕೊಳವೆಯಲ್ಲಿ ನೀರಿಲ್ಲ, ಒಳಗೆ ಹೋದ ಜೊತೆಗಾರನ ಕೈ ಬರಿದು. ಶೆಡ್ಡಿನಲ್ಲಿ ಗೇರ್ ಬಾಕ್ಸು ಬಿಚ್ಚಿ ಕಟ್ಟಿದವನ ಕಿವಿ, ಹಲ್ಲು ಕೂತ ಸದ್ದನ್ನೂ ಕೂರದ ಸದ್ದನ್ನೂ ಬೇಗ ಗುರುತಿಸುತ್ತದೆ.

ಇದಕ್ಕಿಂತ ದೊಡ್ಡ ನಿದರ್ಶನ ಜಾರ್ಜ್ ಹರ್ಸ್ಟ್ ಎಂಬುವನದು. ಗೇರು ಬದಲಿಸುವ ಹಿಡಿಕೆಗಳನ್ನು ಮಾಡಿ ಪಂದ್ಯದವರಲ್ಲಿ ಹೆಸರಾದವನು ಇವನು. ಅಪಘಾತವಾದ ಪಂದ್ಯದ ಕಾರಿನಿಂದ ಚಾಲಕನನ್ನು ಹೊರಗೆಳೆಯಲು ಬಹಳ ಹೊತ್ತು ಹಿಡಿಯುತ್ತಿದ್ದುದನ್ನು ಕಂಡು, ತಗಡನ್ನು ಎಣ್ಣೆಯ ಒತ್ತಡದಿಂದ ಅಗಲಿಸಿ ಬಿಡಿಸುವ ಯಂತ್ರವನ್ನು 1960ರ ದಶಕದಲ್ಲಿ ರೂಪಿಸಿದನು. ಮೊದಲಿನದು ಬಹಳ ಭಾರದ್ದು. 1970ರ ದಶಕದಲ್ಲಿ ಹಗುರವಾದ ಮೇಲೆ ಅದು ಬೆಂಕಿ ದಳಗಳ ಕೈಗೆ ಬಂತು. ‘ಜಾಸ್ ಆಫ್ ಲೈಫ್’, ಎಂದರೆ ಜೀವದ ದವಡೆ, ಎಂದು ಅದಕ್ಕೆ ಹೆಸರಾಯಿತು. ಇಂದು ರಸ್ತೆಯ ಮೇಲೆ ನಜ್ಜುಗುಜ್ಜಾದ ಕಾರಿನೊಳಗೆ ಸಿಕ್ಕಿಬಿದ್ದವರನ್ನು ದಳದವರು ಬಿಡಿಸುವುದು ಇಂಥ ಯಂತ್ರದಿಂದಲೇ. ನೊಮೆಕ್ಸ್ ಎಂಬ ಬೆಂಕಿ ತಡೆಯುವ ನೂಲಿನ ಬಟ್ಟೆಯನ್ನು ಪಂದ್ಯದ ಚಾಲಕನೂ ತೊಡುತ್ತಾನೆ, ದಳದವನೂ ತೊಡುತ್ತಾನೆ. ಆಟದ ಅಂಗಳಕ್ಕೂ ಬೆಂಕಿಯ ಠಾಣೆಗೂ ನಡುವಣ ಬೇಲಿ ಧಣಿಗಳು ತಿಳಿದಷ್ಟು ಎತ್ತರವಾಗಿಲ್ಲ.

ಆದರೆ ನಮ್ಮ ವಾದ ಇಲ್ಲಿಗೇ ನಿಲ್ಲಬಾರದು. ಬಿಡುವಿನಲ್ಲಿ ಕಲಿತದ್ದು ಕೆಲಸಕ್ಕೆ ಬರುತ್ತದೆ, ಆದ್ದರಿಂದ ಬಿಡುವು ಕೊಡಿ ಎಂದು ಬೇಡಿದರೆ ಬಿಡುವಿನ ಒಡೆತನವನ್ನು ಧಣಿಗೇ ಬರೆದುಕೊಟ್ಟಂತೆ. ಆ ಗೇರ್ ಬಾಕ್ಸಿನಿಂದ ದಳಕ್ಕೆ ಕಾಸಿನ ಉಪಯೋಗ ಇಲ್ಲದಿರಲಿ. ಕಾರು ಪಂದ್ಯದಲ್ಲಿ ಕೊನೆಯದಾಗಿಯೇ ಬರಲಿ. ಆಗಲೂ ಆ ಗಂಟೆ ಅವನದೇ. ದಳದಲ್ಲಿ ಗಂಟೆ ಬಾರಿಸಿದಾಗ ಅವನು ಏಳಬೇಕು, ಹೇಳಿದಲ್ಲಿಗೆ ಓಡಬೇಕು. ಶೆಡ್ಡಿನಲ್ಲಿ ಯಾವ ಬೋಲ್ಟನ್ನು ಮೊದಲು ಬಿಚ್ಚಬೇಕೆಂದು ಅವನೇ ತೀರ್ಮಾನಿಸುತ್ತಾನೆ. ತನ್ನ ಕೆಲಸದ ಆದಿಯನ್ನೂ ಅಂತ್ಯವನ್ನೂ ತಾನೇ ಕಾಣುವ ಸಂತೋಷ ಸಂಬಳದ ದುಡಿಮೆಯಲ್ಲಿ ಎಷ್ಟು ಜನರಿಗಿದೆ? ಒಬ್ಬ ಭಜನೆ ಕಲಿಯುತ್ತಾನೆ, ಒಬ್ಬ ನಾಟಕ ಕಟ್ಟುತ್ತಾನೆ, ಒಬ್ಬ ಗೇರು ಜೋಡಿಸುತ್ತಾನೆ. ಮನುಷ್ಯನಾಗಿ ಉಳಿಯುವ ದಾರಿಗಳು ಇವು.

ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಅಲ್ಲಿನ ದಳದವರಲ್ಲಿ ಅನೇಕರು ಬಿಡುವಿನ ದಿನ ಎರಡನೆಯ ಕೆಲಸಕ್ಕೆ ಹೋಗುತ್ತಾರೆ. ಮನೆ ಸಾಲ, ಮಕ್ಕಳ ಓದು ಒಂದು ಸಂಬಳದಲ್ಲಿ ಸಾಗುವುದಿಲ್ಲ. ಆಗ ಶೆಡ್ಡಿನ ಬಾಗಿಲು ಮುಚ್ಚಿಕೊಳ್ಳುತ್ತದೆ, 48 ಗಂಟೆ ಮತ್ತೆ ಸಂತೆಗೆ ಬರುತ್ತದೆ. ಸಾಲದ ಕೂಲಿ ಕೊಟ್ಟು ಬಿಡುವು ಕೊಟ್ಟೆವೆಂದರೆ, ಬಲಗೈಲಿ ಕೊಟ್ಟದ್ದನ್ನು ಎಡಗೈಲಿ ಕಸಿದುಕೊಂಡಂತೆ. ದೇಹಕ್ಕೂ ಒಂದು ಲೆಕ್ಕವಿದೆ. ಕರ್ತವ್ಯದ ಮೇಲಿರುವಾಗ ಸಾಯುವ ದಳದವರಲ್ಲಿ ಬಹಳ ಜನರ ಸಾವಿಗೆ ಕಾರಣ ಜ್ವಾಲೆಯಲ್ಲ, ಹೃದಯಾಘಾತ. ಬೆಂಕಿ ಆರಿಸುವ ವೃತ್ತಿಯೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2022ರಲ್ಲಿ ತೀರ್ಮಾನಿಸಿತು. ರಾತ್ರಿ ನಾಲ್ಕು ಸಲ ಎದ್ದು ಓಡಿ ಬಂದವನು ಬೆಳಿಗ್ಗೆ ಕಾರಿನ ಅಡಿಗೆ ನುಸುಳಿದರೆ, ಸ್ಟ್ಯಾಂಡು ಸರಿಯಾಗಿ ಕೂತಿದೆಯೇ ಎಂದು ನೋಡುವ ಕಣ್ಣು ಮಂಜಾಗಿರುತ್ತದೆ. ಆದ್ದರಿಂದ 48 ಗಂಟೆಯಲ್ಲಿ ಮೊದಲ ಪಾಲು ನಿದ್ದೆಗೆ ಸಲ್ಲಬೇಕು. ನಿದ್ದೆ ಕಳೆದು ಉಳಿದದ್ದೇ ನಿಜವಾದ ಬಿಡುವು.

ಈ ಲೆಕ್ಕ ನಮಗೂ ಬೇಕು. 1948ರ ಕಾರ್ಖಾನೆ ಕಾಯಿದೆ ನಮ್ಮ ಗಿರಣಿಗಳಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ. 2023ರಲ್ಲಿ ಕರ್ನಾಟಕದ ಶಾಸನಸಭೆ ಆ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯನ್ನು ಹಾಗೆಯೇ ಇಟ್ಟು ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಉದ್ದನೆಯ ದಿನ ದುಡಿದರೆ ಹೆಚ್ಚು ರಜೆಯ ದಿನ ಸಿಗುತ್ತದೆ ಎಂಬುದು ಇದರ ಪರವಾದ ಮಾತು. ಅಮೆರಿಕಾದ ದಳದವನನ್ನು ಇದಕ್ಕೆ ಮಾದರಿಯಾಗಿ ತೋರಿಸುವವರಿಗೆ ಒಂದು ಮಾತು ಹೇಳಬೇಕು. ಅವನ 24 ಗಂಟೆಯ ಪಾಳಿಯಲ್ಲಿ ಠಾಣೆಯೊಳಗೆ ಮಂಚವಿದೆ, ಅಡಿಗೆಮನೆಯಿದೆ. ಕರೆ ಬಾರದಿದ್ದರೆ ಮಲಗಬಹುದು. ನೂಲಿನ ಯಂತ್ರದ ಮುಂದೆ ಮಂಚವಿಲ್ಲ. ಹನ್ನೆರಡು ಗಂಟೆ ನಿಂತ ಕಾಲಿಗೆ ಮರುದಿನದ ರಜೆ ಬಿಡುವಾಗುವುದಿಲ್ಲ, ಔಷಧವಾಗುತ್ತದೆ ಅಷ್ಟೆ.

ಆದುದರಿಂದ ಸಂಘಗಳು ಬೇಡಿಕೆಯ ಪಟ್ಟಿ ಬರೆಯುವಾಗ ಕೂಲಿಯ ಸಾಲಿನ ಕೆಳಗೆ ಗಂಟೆಯ ಸಾಲನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಒಂದು ಕೆಲಸದ ಸಂಬಳದಲ್ಲಿ ಮನೆ ನಡೆಯಬೇಕು. ದಿನದ ದುಡಿಮೆಗೆ ಮೈ ತಡೆಯುವ ಮಿತಿಯಿರಬೇಕು. ನಿದ್ದೆ ಕಳೆದ ಮೇಲೂ ಕೈಯಲ್ಲಿ ಗಂಟೆಗಳು ಉಳಿಯಬೇಕು. ಆ ಉಳಿದ ಗಂಟೆಯಲ್ಲಿ ಕಾರ್ಮಿಕ ಏನು ಮಾಡಿದ ಎಂದು ಲೆಕ್ಕ ಕೇಳುವ ಅಧಿಕಾರ ಯಾರಿಗೂ ಇಲ್ಲ.